ಗಾಯ ಸಣ್ಣದು ಅಂದರು

ಶಿರಸಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದ್ದೆ. ಅಲ್ಲಿಯವರೆಗೆ ಸಿದ್ದಾಪುರದ ರಸ್ತೆ ಎಷ್ಟು ಹಾಳಾಗಿದೆ ಎಂದು ಮಾತಾಡುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ ಸುಮ್ಮನಾದರು. ಆ ಮೌನ ನನಗೆ ಹೊಸದಲ್ಲ. ನಾನು ಸಿದ್ದಾಪುರದಲ್ಲಿ ಪಶುವೈದ್ಯೆ. ದನ ಪರೀಕ್ಷೆ ಮಾಡುವಾಗ ಏನಾದರೂ ಸರಿಯಿಲ್ಲ ಅನಿಸಿದರೆ ನನ್ನ ಮಾತೂ ಹೀಗೇ ನಿಲ್ಲುತ್ತದೆ. ಆಗ ದನದ ಮನೆಯವರು ನನ್ನ ಮುಖ ನೋಡುತ್ತಾರೆ. ಈಗ ನಾನು ಡಾಕ್ಟರ ಮುಖ ನೋಡಿದೆ.

"ಊಟ ಸೇರ್ತದಾ?" ಎಂದು ಕೇಳಿದರು.

"ಸೇರ್ತದೆ."

"ತೂಕ ಇಳಿದಿದ್ಯಾ?"

"ಇಲ್ಲ. ಎಡಗಡೆ ಪಕ್ಕೆಲುಬಿನ ಕೆಳಗೆ ಒಂಥರಾ ಭಾರ. ಸ್ಕೂಟರ್ ಮೇಲೆ ತಿರುಗಿ ತಿರುಗಿ ಬಂದಿದ್ದು ಅಂದ್ಕಂಡಿದ್ದೆ."

"ಸ್ಕೂಟರಿಂದ ಅಲ್ಲ ಇದು," ಅಂದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾನೂ ಡಾಕ್ಟರೇ ಎಂಬ ಗೌರವದಿಂದ ತಿರುಗಿಸಿದ್ದಿರಬೇಕು. ಮೇದೋಜೀರಕ ಗ್ರಂಥಿಯ ಬಾಲದ ತುದಿಯಲ್ಲಿ ಲಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಕಪ್ಪು ಗುಂಡು ಕಂಡಿತು. ಒಳಗೆ ನೀರು ತುಂಬಿದ ಚೀಲ. ದನದ ಹೊಟ್ಟೆಯಲ್ಲಿ ಕಂಡಿದ್ದರೆ ನಾನು ಅದರ ಬಗ್ಗೆ ಒಂದೆರಡು ಮಾತು ಹೇಳುತ್ತಿದ್ದೆ. ನನ್ನದೇ ಹೊಟ್ಟೆಯಲ್ಲಿ ಕಂಡಾಗ ಟಿಶ್ಯೂ ಕೇಳಿ ಜೆಲ್ ಒರೆಸಿಕೊಂಡೆ. ಅಷ್ಟೇ ನೆನಪು.

ಹೊರಗೆ ಬೆಂಚಿನಲ್ಲಿ ನನ್ನ ಗಂಡ ಮಂಜುನಾಥ ಕೂತಿದ್ದರು. ಸಿದ್ದಾಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಅವರದು. ಯಾವ ಸುದ್ದಿ ಕೇಳಿದರೂ ಮೊದಲು "ಸರಿ" ಅನ್ನುವುದು ಅವರ ಅಭ್ಯಾಸ. ನಾನು ಹೇಳಿದೆ. "ಸರಿ," ಅಂದರು. ಆಮೇಲೆ, "ಅದು ಎಂತದು, ಅದೇನಾ?" ಅಂದರು. ಕ್ಯಾನ್ಸರ್ ಎಂಬ ಶಬ್ದವನ್ನು ಅವರು ಆ ದಿನವೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಕೊನೆಯವರೆಗೂ "ಅದು" ಆಗಿಯೇ ಉಳಿಯಿತು.

ಶಿರಸಿಯವರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಇನ್ನಷ್ಟು ಸ್ಕ್ಯಾನುಗಳಾದವು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿ, ಹೊಟ್ಟೆಯ ಒಳಗಿನಿಂದಲೇ ಆ ಚೀಲಕ್ಕೆ ಸೂಜಿ ಚುಚ್ಚಿ ನೀರು ತೆಗೆದರು. ಅದು ನೀರಲ್ಲ, ಜೇನಿನ ಹಾಗೆ ಎಳೆ ಬರುವ ಅಂಟು ಎಂದು ಆಮೇಲೆ ತಿಳಿಯಿತು. ಅಂಟು ಇರುವುದು ಒಳ್ಳೆಯ ಲಕ್ಷಣವಲ್ಲ. ಇವತ್ತು ಕೆಟ್ಟದ್ದಾಗಿರಲಿಕ್ಕಿಲ್ಲ, ಬಿಟ್ಟರೆ ಒಂದು ದಿನ ಆಗಬಹುದು, ಕೆಲವರಲ್ಲಿ ಈಗಾಗಲೇ ಆಗಿರುತ್ತದೆ, ತೆಗೆದು ನೋಡದೆ ಖಚಿತವಾಗಿ ಹೇಳಲಾಗದು ಎಂದರು. ಈ ನಾಲ್ಕು ಮಾತುಗಳಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೆಂಬುದು ಆಯಾ ದಿನದ ಮನಸ್ಸಿನ ಮೇಲೆ ನಿಂತಿರುತ್ತಿತ್ತು.

ಸರ್ಜನ್ ಐವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಧಾರವಾಡ ಕಡೆಯ ಮಾತು. ನಾನು ಪಶುವೈದ್ಯೆ ಎಂದು ಗೊತ್ತಾದ ಮೇಲೆ ಖುಷಿಯಾಗಿ, "ಹಂಗಾದ್ರ ನಾವಿಬ್ರೂ ಒಂದ ಕಸಬಿನವರು ಬಿಡ್ರಿ," ಅಂದರು. ಗ್ರಂಥಿಯ ಬಾಲದ ಭಾಗವನ್ನು ಚೀಲದ ಸಮೇತ ಕತ್ತರಿಸಿ ತೆಗೆಯಬೇಕು. ಪಕ್ಕದಲ್ಲೇ ಅಂಟಿಕೊಂಡಿರುವ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಆದಷ್ಟು ಉಳಿಸುತ್ತೇವೆ. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತುಗಳಿಂದ ಕ್ಯಾಮರಾ, ಕತ್ತರಿ ಬಿಟ್ಟು ಮಾಡುತ್ತೇವೆ ಎಂದರು.

ಮನೆಯಲ್ಲಿ ಎಲ್ಲರಿಗೂ ಇದು ಸಮಾಧಾನದ ಸುದ್ದಿಯಾಗಬೇಕಿತ್ತು. ಆಗಲಿಲ್ಲ. ಅದರಲ್ಲೂ ನನಗೆ ಆಗಲಿಲ್ಲ. ನಾನು ಕೊಯ್ಯುವ ಪೈಕಿಯವಳು. ಕರು ಹೊರಬರದೆ ಇದ್ದಾಗ, ನಿಂತಿರುವ ದನದ ಪಕ್ಕೆಯನ್ನು ಉದ್ದಕ್ಕೆ ಸೀಳಿ ಕೈ ಹಾಕಿಯೇ ತೆಗೆಯುತ್ತೇನೆ. ನನ್ನ ಕೈಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಕ್ಕಿಂತ ಹೆಚ್ಚು ಎಂದು ಇಷ್ಟು ವರ್ಷ ನಂಬಿದವಳು. ಹಾಗಾಗಿ ಕೇಳಿದೆ, "ಸರ್, ಕೈ ಹಾಕದೆ ನಿಮಗೆ ಗೊತ್ತಾಗೂದು ಹೆಂಗೆ?"

"ಖರೆ ಹೇಳ್ತೀನ್ರಿ," ಅಂದರು. "ಕೈಗೆ ತಿಳಿಯೂದನ್ನ ನಾವು ಕಳಕೊಂಡೇವಿ. ಅದರ ಬದಲಿ ಕಣ್ಣಿಗೆ ಭಾಳ ಹೆಚ್ಚು ಕಾಣಸ್ತದ. ಸಣ್ಣ ನರ, ಸಣ್ಣ ರಕ್ತನಾಳ ಎಲ್ಲಾ ದೊಡ್ಡದಾಗಿ ಕಾಣ್ತಾವ. ಆದ್ರ ಒಳಗ ಹೋದಮ್ಯಾಲೆ ಸರಿ ಅನ್ನಿಸಲಿಲ್ಲಂದ್ರ ನಾನು ಹೊಟ್ಟಿ ತಗೀತೀನಿ. ಆಗ ಯಾಕ ತಗದ್ರಿ ಅಂತ ಕೇಳಬಾರದು. ಈ ಮಾತಿಗೆ ಒಪ್ಪಿದ್ರ ಮಾಡೂಣು."

ತೂತಿನಿಂದಲೇ ಮುಗಿಸುತ್ತೇನೆ ಎಂದು ಭಾಷೆ ಕೊಟ್ಟಿದ್ದರೆ ಬಹುಶಃ ನಾನು ಬೇರೆ ಕಡೆ ಹೋಗುತ್ತಿದ್ದೆ. ಒಪ್ಪಿದೆ.

ವಾಪಸು ಬರುವಾಗ ಯಲ್ಲಾಪುರದಲ್ಲಿ ಇಳಿದೆವು. ಅದು ನನ್ನ ತವರು. ಅಣ್ಣ ಗಣಪತಿ ಅಲ್ಲಿ ಎರಡು ಲಾರಿ ಇಟ್ಟುಕೊಂಡಿದ್ದಾನೆ. ಒಂದನ್ನು ಈಗಲೂ ತಾನೇ ಓಡಿಸುತ್ತಾನೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಚಾ ಲೋಟ ಕೆಳಗಿಟ್ಟ.

"ಬಾನೆಟ್ ಎತ್ತದೆ ಇಂಜಿನ್ ಕೆಲ್ಸ ಮಾಡ್ತೆ ಅಂತ ಯಾವನಾದ್ರೂ ಮಿಸ್ತ್ರಿ ಹೇಳಿದ್ರೆ ನಾನು ಅವನಿಗೆ ಲಾರಿ ಬಿಡೂದಿಲ್ಲ, ಸುಮಿ."

"ಮನುಷ್ಯಂದು ಲಾರಿ ಅಲ್ಲ, ಅಣ್ಣ."

"ಅದ್ಕೇ ಹೇಳಿದ್ದು. ಲಾರಿಗೇ ಬಿಡೂದಿಲ್ಲ ಅಂತ. ಪೂರ್ತಿ ಬಿಚ್ಚಿ, ಎಲ್ಲೆಲ್ಲಿ ಹೋಗಿದೆಯೋ ನೋಡಿ, ಸ್ವಚ್ಛ ಮಾಡಿ ಹೊಲಿಬೇಕು. ಆಮೇಲೆ ಸ್ವಲ್ಪ ಉಳ್ಕಂಡಿದೆ ಅಂದ್ರೆ ಯಾರು ಜವಾಬ್ದಾರಿ?"

ನನ್ನ ಗಂಡ ಮಧ್ಯೆ ಬಂದು, "ಭಾವ, ಅವ್ರು ದೊಡ್ಡ ಡಾಕ್ಟ್ರು," ಅಂದರು. ಅಣ್ಣ ಒಪ್ಪಲಿಲ್ಲ. ಆದರೆ ಆಪರೇಶನ್ ದಿನ ತನ್ನ ಬಾಡಿಗೆಯನ್ನು ಬೇರೆಯವರಿಗೆ ಕೊಟ್ಟು ನಮಗಿಂತ ಮೊದಲೇ ಹುಬ್ಬಳ್ಳಿ ಮುಟ್ಟಿದ್ದ. ಒಪ್ಪದವನು ಬಂದಿದ್ದು ನನಗೆ ಒಂದು ರೀತಿಯ ಧೈರ್ಯ ಕೊಟ್ಟಿತು. ಏನಾದರೂ ಹೆಚ್ಚು ಕಡಿಮೆಯಾದರೆ ಜಗಳವಾಡಲಿಕ್ಕೆ ಒಬ್ಬ ಇದ್ದಾನೆ ಎಂಬ ಧೈರ್ಯ.

ಆಪರೇಶನ್‌ಗೆ ಮುಂಚಿನ ದಿನಗಳಲ್ಲಿ ನನಗೆ ಹೆದರಿಕೆ ಇತ್ತೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಇತ್ತು. ಆದರೆ ಅದು ಅಳು, ನಿದ್ದೆಗೇಡು ಎಂದು ಹೊರಗೆ ಬರಲಿಲ್ಲ. ನಮ್ಮ ಪಶು ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದ ಲಸಿಕೆಗಳನ್ನು ತೆಗೆದು ಮತ್ತೆ ಜೋಡಿಸುತ್ತಿದ್ದೆ. ಮರುದಿನ ಪುನಃ ತೆಗೆದು ಜೋಡಿಸುತ್ತಿದ್ದೆ. ಕಾಂಪೌಂಡರು ಒಂದು ದಿನ, "ಮೇಡಂ, ಎಂತ ಹುಡುಕ್ತಾ ಇದ್ದೀರಿ?" ಎಂದು ಕೇಳಿದಾಗಲೇ ನಾನು ಏನನ್ನೂ ಹುಡುಕುತ್ತಿಲ್ಲ ಎಂಬುದು ತಿಳಿದದ್ದು. ಸೋಂಕು ತಡೆಯುವ ಗುಲ್ಮ ಉಳಿಯದಿದ್ದರೆ ಎಂಬ ಮುಂಜಾಗ್ರತೆಗೆ ನನಗೂ ಆ ವಾರ ಕೆಲವು ಲಸಿಕೆ ಹಾಕಿದರು. ಸಾಲಿನಲ್ಲಿ ನಿಂತು ತೋಳು ಚಾಚಿದಾಗ, ನಮ್ಮ ಲಸಿಕಾ ಶಿಬಿರಕ್ಕೆ ಬರುವ ಎಮ್ಮೆಗಳಷ್ಟೂ ನಾನು ಗಲಾಟೆ ಮಾಡಲಿಲ್ಲ.

ಆಪರೇಶನ್ ನಡೆದ ಹೊತ್ತಿನ ವಿಷಯ ನನಗೆ ಗೊತ್ತಿಲ್ಲ. ಹೊರಗೆ ನಡೆದದ್ದನ್ನು ಗಂಡ ಹೇಳಿದರು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ. ನನ್ನ ನಂತರ ಒಳಗೆ ಹೋದ ರೋಗಿಗಳೆಲ್ಲ ಹೊರಗೆ ಬಂದರು. ಅಣ್ಣ, "ತೂತು ಸಣ್ಣದಾದ್ರೆ ಟೈಮ್ ಕಮ್ಮಿ ಹಿಡೀಬೇಕಿತ್ತು ಅಲ್ದಾ?" ಎಂದು ಪದೇ ಪದೇ ಕೇಳುತ್ತಿದ್ದನಂತೆ. ಕೊನೆಗೆ ಸರ್ಜನ್ ಹೊರಗೆ ಬಂದು, ಎಲ್ಲ ತೂತಿನಿಂದಲೇ ಆಯಿತು, ಗುಲ್ಮವೂ ಉಳಿಯಿತು ಎಂದರು. ನಂತರ ನರ್ಸ್ ಒಂದು ಸ್ಟೀಲ್ ಬಟ್ಟಲು ತಂದು, ತೆಗೆದದ್ದನ್ನು ಮನೆಯವರಿಗೆ ತೋರಿಸಿದಳು. ಗಂಡ ನೋಡಿ "ಸರಿ" ಅಂದರು. ಅಣ್ಣ ಬಗ್ಗಿ ನೋಡಿದ.

"ಇಷ್ಟು ದೊಡ್ಡದು ಆ ತೂತಿಂದ ಬಂತಾ?"

"ಚೀಲದಾಗ ಹಾಕಿ, ಹೊಕ್ಕಳ ಹತ್ರ ತೂತು ಒಂಚೂರು ದೊಡ್ಡದು ಮಾಡಿ ತಗದ್ರಿ," ಎಂದಳು ನರ್ಸ್.

ಅಣ್ಣ ಹಾಗೇ ಗೋಡೆ ಹಿಡಿದು ನೆಲಕ್ಕೆ ಕೂತುಬಿಟ್ಟ. ಘಟ್ಟದಲ್ಲಿ ಉರುಳಿದ ಲಾರಿಗಳಿಂದ ಜನರನ್ನು ಎಳೆದು ತೆಗೆದವನು. ಅವನಿಗೆ ನೀರು ಕುಡಿಸಿ, ಅವನನ್ನೇ ಬಿ.ಪಿ. ನೋಡಲಿಕ್ಕೆ ಕರೆದುಕೊಂಡು ಹೋದರಂತೆ.

ನನಗೆ ಎಚ್ಚರವಾದಾಗ ಹೊಟ್ಟೆಗಿಂತ ಬಲ ಭುಜ ಹೆಚ್ಚು ನೋಯುತ್ತಿತ್ತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಭುಜಕ್ಕೇನಾದರೂ ಮಾಡಿದರೇ ಎಂದು ಹೆದರಿದೆ. ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿಯಿಂದ ಬರುವ ನೋವಂತೆ. ಮುಂದೆ ಇಂಥ ಆಪರೇಶನ್ ಮಾಡಿಸಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಭುಜ ನೋಯುತ್ತದೆ, ಹೆದರಬೇಡಿ, ಹೋಗುತ್ತದೆ.

ಹೊಟ್ಟೆಯ ಮೇಲೆ ಅಲ್ಲಲ್ಲಿ ಪಟ್ಟಿ, ಎಡಗಡೆಯಿಂದ ಒಂದು ನಳಿಗೆ, ಅದರ ತುದಿಗೆ ಚೀಲ. ಮರುದಿನವೇ ಎಬ್ಬಿಸಿ ನಡೆಸಿದರು. ಪಕ್ಕದ ಮಂಚದಲ್ಲಿ ಹಾವೇರಿ ಕಡೆಯ ಶಾಂತವ್ವ ಎಂಬ ಹೆಂಗಸು. ಅವರಿಗೆ ಲಿವರ್‌ನ ಒಂದು ಭಾಗ ತೆಗೆದಿದ್ದರು. ತೂತಿನಿಂದ ಆಗುವ ಕೆಲಸವಾಗಿರಲಿಲ್ಲ. ಎದೆಯ ಕೆಳಗೆ ಅಡ್ಡಕ್ಕೆ ದೊಡ್ಡ ಕೊಯ್ತ. ಕೆಮ್ಮು ಬಂದರೆ ದಿಂಬು ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ನನ್ನ ಪಟ್ಟಿ ಬದಲಿಸುವಾಗ ಕತ್ತು ಎತ್ತಿ ನೋಡಿ ನಕ್ಕರು.

"ನಿಮ್ದೇನ್ರಿ ಅಕ್ಕಾರ, ಇರಿವಿ ಕಡದಂಗ ಐತಿ."

ಆ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ನನಗೆ ಮಾತ್ರ ನಾಚಿಕೆಯಾಯಿತು. ನೋಡಲು ಬಂದವರೆಲ್ಲ ಮೊದಲು ಅವರ ಕಡೆ ನೋಡಿ "ಅಯ್ಯೋ" ಅನ್ನುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗಿ "ನಿಂದು ಪುಣ್ಯ" ಅನ್ನುತ್ತಿದ್ದರು. ನನಗೂ ಹಾಗೇ ಅನಿಸಿತ್ತು. ಮನೆಗೆ ಹೋಗುವ ದಿನ ನಿಗದಿಯಾಗಿತ್ತು. ಆದರೆ ನಳಿಗೆಯಲ್ಲಿ ಬರುವ ನೀರು ನಿಲ್ಲಲಿಲ್ಲ. ಬಣ್ಣ ಬದಲಾಯಿತು, ಜ್ವರ ಬಂತು. ಗ್ರಂಥಿಯನ್ನು ಕತ್ತರಿಸಿ ಮುಚ್ಚಿದ ಜಾಗದಿಂದ ರಸ ಸೋರುತ್ತಿದೆ ಎಂದರು. ಊಟ ಅರಗಿಸುವ ರಸ ಅದು. ಒಳಗೆ ನಿಂತರೆ ನಮ್ಮನ್ನೇ ಅರಗಿಸುತ್ತದೆ.

"ಇದು ಆಗಬಾರದಿತ್ತಾ?" ಎಂದು ಕೇಳಿದೆ.

"ಆಗಬಾರದಿತ್ತು ಅಂದ್ರ ಸುಳ್ಳಾಗ್ತದ," ಎಂದರು ಸರ್ಜನ್. "ಹೊಟ್ಟಿ ಕೊಯ್ದು ಮಾಡಿದ್ರೂ ಆಗೂದ ಇದು. ತೂತು ಸಣ್ಣದು ಇರೂದು ಚರ್ಮಕ್ಕ. ಒಳಗ ಮಾಡಿದ ಕೆಲಸ ಏನ್ ಸಣ್ಣದಲ್ರಿ ಮೇಡಂ."

ನಳಿಗೆ ಸರಿಯಾದ ಜಾಗದಲ್ಲಿದ್ದುದರಿಂದ ರಸವೆಲ್ಲ ಹೊರಗೆ ಬಂತು, ಮತ್ತೆ ಕೊಯ್ಯುವ ಪ್ರಸಂಗ ಬರಲಿಲ್ಲ. ಶಾಂತವ್ವ ನನಗಿಂತ ಮೊದಲು ಮನೆಗೆ ಹೋದರು. ಹೋಗುವಾಗ ತಮ್ಮ ಡಬ್ಬಿಯಲ್ಲಿ ಉಳಿದಿದ್ದ ಖರ್ಜೂರ ನನ್ನ ಮೇಜಿನ ಮೇಲಿಟ್ಟು, "ನಿಮಗ ಈಗ ತಿನ್ನಾಕ ಬಿಡೂದಿಲ್ಲ. ಇರ್ಲಿ, ನೋಡಕೋತ ಇರ್ರಿ," ಎಂದು ಹೇಳಿದರು. ನಾನು ನಕ್ಕೆ. ಆಪರೇಶನ್ ಆದ ಮೇಲೆ ಅದೇ ಮೊದಲ ನಗು. ನಕ್ಕರೆ ಒಳಗೆ ಎಲ್ಲೆಲ್ಲಿ ನೋಯುತ್ತದೆ ಎಂದು ಅವತ್ತು ತಿಳಿಯಿತು.

ತೆಗೆದ ಭಾಗದ ವರದಿ ಬರುವವರೆಗಿನ ದಿನಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಆ ದಿನಗಳಲ್ಲಿ ಏನೂ ನಡೆಯಲಿಲ್ಲ, ಅದೇ ಅದರ ಕಷ್ಟ. ಬಂದಾಗ ಗಂಡ ಲಕೋಟೆಯನ್ನು ಒಡೆಯದೆ ನನ್ನ ಕೈಗೆ ತಂದುಕೊಟ್ಟರು. ಓದಿದೆ. ಕ್ಯಾನ್ಸರ್ ಇರಲಿಲ್ಲ. ಆಗುವ ದಾರಿಯಲ್ಲಿ ಮೊದಲ ಮೆಟ್ಟಿಲಲ್ಲಿ ಇದ್ದ ಗಡ್ಡೆ, ಅಂಚುಗಳೆಲ್ಲ ಸ್ವಚ್ಛ.

"ಅದು ಅಲ್ಲ," ಅಂದೆ.

"ಸರಿ," ಎಂದು ಗಂಡ ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗಿನ ಪಾರ್ಕಿಂಗ್ ಜಾಗವನ್ನು ತುಂಬ ಹೊತ್ತು ನೋಡಿದರು. ನಾನು ಕರೆಯಲಿಲ್ಲ.

ನಳಿಗೆ, ಚೀಲದ ಸಮೇತ ಸಿದ್ದಾಪುರಕ್ಕೆ ಬಂದೆ. ಚೀಲವನ್ನು ನೈಟಿಯ ಒಳಗೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದೆ. ಅತ್ತೆ ದಿನಾ ಬೆಳಿಗ್ಗೆ ಅದನ್ನು ಖಾಲಿ ಮಾಡಿ, ಎಷ್ಟು ಬಂತೆಂದು ಅಳತೆಯ ಲೋಟದಲ್ಲಿ ನೋಡುತ್ತಿದ್ದರು. ಮೀನುಸಾರಿಲ್ಲದೆ ಊಟ ಮುಗಿಸದ ಮನೆ ನಮ್ಮದು. ಎಣ್ಣೆ ಬೇಡ ಎಂದು ಡಾಕ್ಟರು ಹೇಳಿದ್ದಕ್ಕೆ ಅತ್ತೆ ನನ್ನ ಜೊತೆಗೇ ಗಂಜಿ, ಬೇಯಿಸಿದ ತರಕಾರಿ ತಿಂದರು. ಯಾಕೆಂದು ಕೇಳಿದರೆ, "ವಾಸನೆಗೆ ನಿಂಗೆ ಆಸೆ ಆಗ್ತದೆ. ನಂಗೆಂತ, ಹಲ್ಲೇ ಇಲ್ಲ," ಅಂದರು. ಅವರಿಗೆ ಹಲ್ಲು ಬೇಕಾದಷ್ಟಿದ್ದವು.

ಕೆಲವು ವಾರಗಳ ನಂತರ ನಳಿಗೆ ತೆಗೆದರು. ಅಲ್ಲಿಂದ ನಿಜವಾದ ತೊಂದರೆ ಶುರುವಾಯಿತು ಅಂದರೆ ಅತಿಯಾಗಲಿಕ್ಕಿಲ್ಲ. ನಳಿಗೆ ಇರುವಷ್ಟು ದಿನ ನಾನು ರೋಗಿ ಎಂದು ಎಲ್ಲರಿಗೂ ಕಾಣುತ್ತಿತ್ತು. ಅದು ಹೋದ ಮೇಲೆ ಏನೂ ಕಾಣುತ್ತಿರಲಿಲ್ಲ. ನೋಡಲು ಬಂದವರು, "ಎಲ್ಲಿ, ತೋರ್ಸು," ಅನ್ನುತ್ತಿದ್ದರು. ಹೆಂಗಸರಾದರೆ ಸೆರಗು ಸರಿಸಿ ತೋರಿಸುತ್ತಿದ್ದೆ.

"ಇಷ್ಟೇಯಾ?"

"ಇಷ್ಟೇ."

"ಇದ್ಕೆ ಇಷ್ಟ್ ದಿನ ರಜೆನಾ ಮಾರಾಯ್ತಿ? ನಮ್ಮ ದೊಡ್ಡಪ್ಪನ ಮಗಳಿಗೆ ಪಿತ್ತಕೋಶದ ಕಲ್ಲು ಹಿಂಗೇ ತೂತಿಂದ ತೆಗೆದ್ರು. ವಾರಕ್ಕೆ ಮದ್ವೆ ಊಟಕ್ಕೆ ಬಂದಿದ್ಲು."

ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಬಿಟ್ಟೆ. ಕಚೇರಿಯಲ್ಲೂ ಅದೇ. ಮೇಲಧಿಕಾರಿ ಫೋನಿನಲ್ಲಿ, "ಲ್ಯಾಪ್ರೋಸ್ಕೋಪಿ ಅಲ್ವಾ ಮೇಡಂ, ಗಾಯ ಸಣ್ಣದು ಅಂದ್ರಲ್ಲ," ಎಂದರು. ಅವರು ಕೆಟ್ಟವರಲ್ಲ. ಅಣ್ಣನೂ ಹಾಗೇ. ಅಂದು ಆಸ್ಪತ್ರೆಯಲ್ಲಿ ನೆಲಕ್ಕೆ ಕೂತವನು ಈಗ ಯಲ್ಲಾಪುರದ ಲಾರಿ ಸ್ಟ್ಯಾಂಡಿನಲ್ಲಿ ಆ ಆಪರೇಶನ್ನಿನ ಪ್ರಚಾರಕನಾಗಿದ್ದ. "ನಮ್ಮ ಸುಮಿಗೆ ಎಂತ ಗೊತ್ತೇ ಆಗ್ಲಿಲ್ಲ, ಹೋದ್ಲು, ಬಂದ್ಲು," ಎಂದು ಎಲ್ಲರಿಗೂ ಹೇಳುತ್ತಿದ್ದನಂತೆ. ಮೆಟ್ಟಿಲು ಹತ್ತಿ ನಡುವೆ ನಿಂತಾಗ, ಗ್ರಂಥಿಯ ತುಂಡು ಹೋದದ್ದರಿಂದ ಊಟವಾದ ಮೇಲೆ ಬೆರಳಿಗೆ ಸೂಜಿ ಚುಚ್ಚಿ ರಕ್ತದ ಸಕ್ಕರೆ ನೋಡಿಕೊಳ್ಳುವಾಗ, ನನಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು: ಇದೆಲ್ಲ ನನ್ನ ಮನಸ್ಸಿನ ಆಟವೇ? ಕನ್ನಡಿಯಲ್ಲಿ ನೋಡಿಕೊಂಡರೆ ಅಲ್ಲಿಯೂ ಏನೂ ಕಾಣುತ್ತಿರಲಿಲ್ಲ. ದೊಡ್ಡ ಕೊಯ್ತ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಎಂದೂ ಅನಿಸಿಲ್ಲ. ಶಾಂತವ್ವ ಕೆಮ್ಮುವುದನ್ನು ನೋಡಿದ್ದೇನೆ. ಆದರೆ ಗಾಯವೆಂಬುದು ಒಂದು ರೀತಿಯ ಸಾಕ್ಷಿ. ನನ್ನ ಹತ್ತಿರ ಅದಿರಲಿಲ್ಲ.

ಕೆಲಸಕ್ಕೆ ಮರಳಿದೆ. ಭಾರ ಎತ್ತಬಾರದು, ಎಳೆಯಬಾರದು ಎಂದಿದ್ದರು. ಆಸ್ಪತ್ರೆಯೊಳಗಿನ ಕೆಲಸ ಮಾತ್ರ ಮಾಡುತ್ತಿದ್ದೆ. ಹಳ್ಳಿಗಳ ಕರೆಗಳನ್ನು ಸಹೋದ್ಯೋಗಿ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಅವನು ಕಾರವಾರಕ್ಕೆ ಮೀಟಿಂಗಿಗೆ ಹೋಗಿದ್ದಾಗ ಫೋನ್ ಬಂತು. ಊರ ಹೊರಗಿನ ಒಂದು ಮನೆ. ನಾಗವೇಣಿ ಎಂಬ ಹೆಂಗಸು. ಗಂಡ ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋದವನು. ಹಾಲು ಮಾರಿಯೇ ಮನೆ ನಡೆಸುವವಳು. ಬೆಳಗಿನ ಜಾವದಿಂದ ದನ ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಕಾಣುತ್ತಿದೆ ಎಂದಳು.

ಹೋಗಬಾರದಿತ್ತು ಎಂದು ಗಂಡ ಈಗಲೂ ಹೇಳುತ್ತಾರೆ. ಆಟೋ ಮಾಡಿಕೊಂಡು ಹೋದೆ.

ದನ ಮಲಗಿತ್ತು, ಸುಸ್ತಾಗಿತ್ತು. ಅಭ್ಯಾಸ ಬಲದಿಂದ ಗ್ಲೋವ್ಸ್ ಹಾಕಿಕೊಂಡು ಕೆಳಗೆ ಕೂತೆ. ಬಗ್ಗುತ್ತಿದ್ದಂತೆ ಎಡಪಕ್ಕೆಯಲ್ಲಿ ಏನೋ ಹಿಡಿದೆಳೆದಂತಾಯಿತು. ಮೆಲ್ಲಗೆ ಎದ್ದು ನಿಂತೆ. ಇಷ್ಟು ವರ್ಷದಲ್ಲಿ ಯಾವ ಕೊಟ್ಟಿಗೆಯಲ್ಲೂ ಹೇಳದ ಮಾತನ್ನು ಹೇಳಿದೆ.

"ನಾಗವೇಣಿ, ನನ್ನಿಂದ ಆಗೂದಿಲ್ಲ. ನೀನು ಮಾಡಬೇಕು. ನಾನು ಹೇಳ್ತೆ."

ಅವಳು ನನ್ನ ಮುಖ ನೋಡಿದಳು. ಬಳೆ ತೆಗೆದಿಟ್ಟು, ಸೋಪು ಹಚ್ಚಿ ತೋಳು ತೊಳೆದುಕೊಂಡಳು.

"ಒಳಗೆ ಹೋಗು. ತಲೆ ಸಿಕ್ತಾ?"

"ಮೂಗು ಸಿಕ್ತು. ಬಾಯಿ ಆಡಿಸ್ತಾ ಇದೆ ಡಾಕ್ಟ್ರಮ್ಮ!"

"ಒಳ್ಳೇದು. ಜೀವ ಇದೆ. ಇನ್ನೊಂದು ಕಾಲು ಮಡಚಿಕಂಡಿರ್ತದೆ, ಹುಡುಕು. ಮೊಣಕಾಲು ಸಿಗ್ತದೆ."

"ಸಿಕ್ತು."

"ದನ ತಿಣುಕುವಾಗ ಸುಮ್ನಿರು. ನಿಲ್ಸಿದಾಗ ಕರುನ ಹಿಂದೆ ದೂಡು. ಈಗ ದೂಡು. ಗೊರಸನ್ನ ಅಂಗೈಯೊಳಗೆ ಮುಚ್ಚಿಕೋ, ಒಳಗೆ ಗೀರಬಾರ್ದು. ಹಂಗೇ ನಿಧಾನ ಮುಂದೆ ತಾ."

ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ನನಗೆ ಒಳಗಿನದು ಏನೂ ಕಾಣುತ್ತಿರಲಿಲ್ಲ, ಕೈಗೂ ತಾಗುತ್ತಿರಲಿಲ್ಲ. ಅವಳ ಮುಖವನ್ನಷ್ಟೇ ನೋಡಿ ಹೇಳಬೇಕಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ಅವಳ ಮುಖ ಸಡಿಲವಾಯಿತು. "ಬಂತು," ಅಂದಳು. ಎರಡೂ ಕಾಲಿಗೆ ಹಗ್ಗ ಕಟ್ಟಿಸಿದೆ. ದನ ತಿಣುಕಿದಾಗಲೆಲ್ಲ ಕೆಳಮುಖವಾಗಿ ಎಳೆದಳು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣು ಕರು. ಮೂಗು ಒರೆಸಿ, ಒಂದು ಕಡ್ಡಿಯಿಂದ ಮೂಗಿನೊಳಗೆ ಕೆರಳಿಸಲು ಹೇಳಿದೆ. ಸೀನಿತು.

ನಾಗವೇಣಿ ತೋಳು ತೊಳೆದುಕೊಂಡು ಬಂದಳು.

"ನಿಮ್ಗೆ ಎಂತ ಆಗಿದೆ ಡಾಕ್ಟ್ರಮ್ಮ?"

"ಹೊಟ್ಟೆ ಆಪರೇಶನ್ ಆಗಿದೆ. ಹೊರಗೆ ಕಾಣೂದಿಲ್ಲ."

ಎಲ್ಲಿ, ತೋರಿಸಿ ಅನ್ನುತ್ತಾಳೆ ಎಂದುಕೊಂಡೆ. ಸೆರಗಿಗೆ ಕೈ ಹೋಗಿತ್ತು ಕೂಡ.

ಅವಳು ಒಳಗೆ ಹೋಗಿ ಬೆನ್ನು ಒರಗುವ ಕುರ್ಚಿ ತಂದು, ಬಿಸಿಲು ಬೀಳದ ಕಡೆ ಇಟ್ಟಳು.

"ಹಂಗಾರೆ ಇಷ್ಟೊತ್ತು ನಿಂತಿದ್ದು ಎಂತಕ್ಕೆ? ಕೂತ್ಕಳಿ," ಅಂದಳು.

ಕೂತೆ.